ಹಾಳೆಯಲ್ಲಿ ನಿಂತುಹೋದ ನಿನ್ನೆಯ ಲೆಕ್ಕ

ಮುಂಬಯಿಯ ವಿಲೆ ಪಾರ್ಲೆಯ ಉಡುಪಿ ಹೋಟೆಲಿನಲ್ಲಿ ಗಲ್ಲಾದ ಪಕ್ಕದ ಕಂಪ್ಯೂಟರ್ ಬಿಲ್ ಹೊಡೆಯುತ್ತದೆ, ಒಳಕೋಣೆಯ ಕಂಪ್ಯೂಟರ್ ಟ್ಯಾಲಿಯಲ್ಲಿ ಲೆಕ್ಕ ಇಡುತ್ತದೆ. ಮಾಲಕರು ಮಾತ್ರ ಬೆಳಿಗ್ಗೆ ಬಂದು ತೆರೆಯುವುದು ಒಂದು ಎಕ್ಸೆಲ್ ಹಾಳೆಯನ್ನು. ನಿನ್ನೆಯ ವ್ಯಾಪಾರ ಎಷ್ಟು, ಪಾರ್ಸೆಲ್ ಎಷ್ಟು, ಯುಪಿಐಯಲ್ಲಿ ಬಂದದ್ದೆಷ್ಟು, ಹಾಲಿನವರಿಗೆ ಕೊಡಬೇಕಾದ ಬಾಕಿ ಎಷ್ಟು, ಎಲ್ಲವೂ ಅದರಲ್ಲಿರುತ್ತದೆ. ಅದನ್ನು ಯಾರೂ ಕೈಯಿಂದ ತುಂಬುವುದಿಲ್ಲ. ಬಿಲ್ಲಿಂಗ್ ಡೇಟಾಬೇಸಿಗೂ ಟ್ಯಾಲಿಗೂ ಹಾಳೆಯಿಂದ ಲಿಂಕ್ ಹಾಕಿಟ್ಟಿರುತ್ತಾರೆ. ರಿಫ್ರೆಶ್ ಒತ್ತಿದರೆ ಹೊಸ ಅಂಕಿ ಬಂದು ಕೂರುತ್ತದೆ.

ಬಾರದಿದ್ದರೆ? ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕಾದವರಿಗೆ ಈ ಪ್ರಶ್ನೆ ಸರಿಯಾಗಿ 10ನೇ ಮತ್ತು 19ನೇ ತಾರೀಖಿನ ರಾತ್ರಿ ಎದುರಾಗುತ್ತದೆ. ಪರದೆಯ ಮೇಲೆ ದೊಡ್ಡ ದೋಷಸಂದೇಶ ಬಂತೆಂದರೆ ಎಲ್ಲರೂ ಗಾಬರಿಯಾಗುತ್ತಾರೆ. ನನ್ನ ಮಟ್ಟಿಗೆ ಅದು ಒಳ್ಳೆಯ ಸುದ್ದಿ. ಲಿಂಕ್ ಕಡಿದಿದೆ ಎಂದು ಹಾಳೆಯೇ ಬಾಯಿಬಿಟ್ಟು ಹೇಳಿದೆ, ತಪ್ಪು ಅಂಕಿ ನಂಬುವ ಪ್ರಮೇಯವಿಲ್ಲ. ಹೆದರಬೇಕಾದದ್ದು ಏನೂ ಹೇಳದೆ ಹಳೆಯ ಅಂಕಿಯನ್ನೇ ತೋರಿಸುತ್ತ ಕೂರುವ ಹಾಳೆಗೆ. ಎಕ್ಸೆಲ್ ಹಿಂದಿನ ಸಲ ತಂದ ಡೇಟಾವನ್ನು ಫೈಲಿನೊಳಗೇ ಇಟ್ಟುಕೊಂಡಿರುತ್ತದೆ. ಲಿಂಕ್ ಸತ್ತು ವಾರವಾಗಿದ್ದರೂ ಹಾಳೆ ನಳನಳಿಸುತ್ತಲೇ ಇರುತ್ತದೆ. ಆದ್ದರಿಂದ ಮೌನದ ಕಾಯಿಲೆಗಳನ್ನೇ ಮೊದಲು ನೋಡೋಣ.

ಸದ್ದಿಲ್ಲದೆ ತಪ್ಪುವ ಲೆಕ್ಕ

ಮೊದಲ ಅನುಮಾನ ಹಳದಿ ಪಟ್ಟಿಯ ಮೇಲೆ. ಇಮೇಲಿನಲ್ಲೋ ವಾಟ್ಸ್ಆಪ್‌ನಲ್ಲೋ ಬಂದ ಫೈಲನ್ನು ತೆರೆದಾಗ ಎಕ್ಸೆಲ್ ಅದನ್ನು ಪ್ರೊಟೆಕ್ಟೆಡ್ ವ್ಯೂನಲ್ಲಿ ಇಡುತ್ತದೆ. ಆಮೇಲೂ ಹೊರಗಿನ ಡೇಟಾ ಸಂಪರ್ಕಗಳನ್ನು ತಡೆದಿದ್ದೇನೆ ಎಂದು ಮೇಲ್ಭಾಗದಲ್ಲಿ ಒಂದು ಹಳದಿ ಪಟ್ಟಿ ತೋರಿಸುತ್ತದೆ. 'ಎನೇಬಲ್ ಕಂಟೆಂಟ್' ಒತ್ತುವವರೆಗೆ ಲಿಂಕ್ ಕೆಲಸ ಮಾಡುವುದಿಲ್ಲ. ಕೆಲವರು ಕಿರಿಕಿರಿ ಎಂದು ಆ ಪಟ್ಟಿಯನ್ನು ಮುಚ್ಚಿಬಿಡುತ್ತಾರೆ. ದಿನವೂ ಬಳಸುವ ಹಾಳೆಯಾದರೆ ಅದನ್ನೊಂದು ಫೋಲ್ಡರಿನಲ್ಲಿಟ್ಟು, ಟ್ರಸ್ಟ್ ಸೆಂಟರಿನಲ್ಲಿ ಆ ಫೋಲ್ಡರನ್ನು ಮಾತ್ರ ನಂಬಿಕೆಯ ಜಾಗವೆಂದು ಸೇರಿಸಿ. ಡೌನ್‌ಲೋಡ್ಸ್ ಫೋಲ್ಡರನ್ನೇ ಸೇರಿಸಿದರೆ ಎಲ್ಲಿಂದಲೋ ಬಂದ ಫೈಲುಗಳಿಗೂ ಬಾಗಿಲು ತೆರೆದಂತೆ.

ಎರಡನೆಯದು ಪಿವೊಟ್ ಟೇಬಲ್. ಲಿಂಕ್ ಹೊಸ ಡೇಟಾ ತಂದಿರುತ್ತದೆ, ಆದರೆ ಅದರ ಮೇಲೆ ಕಟ್ಟಿದ ಪಿವೊಟ್ ಹಳೆಯದನ್ನೇ ತೋರಿಸುತ್ತದೆ. ಪಿವೊಟ್‌ಗೆ ತನ್ನದೇ ಸಂಗ್ರಹವಿದೆ, ಅದನ್ನು ಬೇರೆಯಾಗಿ ರಿಫ್ರೆಶ್ ಮಾಡಬೇಕು. 'ರಿಫ್ರೆಶ್ ಆಲ್' ಎರಡನ್ನೂ ಮಾಡುತ್ತದೆ ನಿಜ. ಆದರೆ ಸಂಪರ್ಕದ ಪ್ರಾಪರ್ಟೀಸ್‌ನಲ್ಲಿ 'ಬ್ಯಾಕ್‌ಗ್ರೌಂಡ್ ರಿಫ್ರೆಶ್' ಗುರುತು ಹಾಕಿದ್ದರೆ ಡೇಟಾ ಬರುವ ಮೊದಲೇ ಪಿವೊಟ್ ತನ್ನ ಕೆಲಸ ಮುಗಿಸಿಬಿಡುತ್ತದೆ. ಎರಡು ಸಲ ಒತ್ತಿದರೆ ಸರಿಹೋಗುತ್ತದೆ ಎಂದು ಅನುಭವಸ್ಥರು ಹೇಳುವುದು ಇದಕ್ಕೇ. ಆ ಗುರುತನ್ನು ತೆಗೆಯಿರಿ, ಒಂದೇ ಸಲ ಸಾಕು. ಮ್ಯಾಕ್ರೊ ಬರೆದವರಿಗೂ ಇದೇ ಮಾತು.

ಮೂರನೆಯದು ಮ್ಯಾನ್ಯುಯಲ್ ಕ್ಯಾಲ್ಕ್ಯುಲೇಶನ್. ದೊಡ್ಡ ಹಾಳೆ ನಿಧಾನವಾಗುತ್ತದೆ ಎಂದು ಯಾರೋ ಲೆಕ್ಕಾಚಾರವನ್ನು ಮ್ಯಾನ್ಯುಯಲ್‌ಗೆ ಬದಲಿಸಿರುತ್ತಾರೆ. ಆಗ ಹೊಸ ಸಾಲುಗಳು ಬಂದರೂ ಕೆಳಗಿನ ಮೊತ್ತ ಕದಲುವುದಿಲ್ಲ. ಮೊದಲು ತೆರೆದ ಫೈಲಿನ ಈ ವ್ಯವಸ್ಥೆಯೇ ಆಮೇಲೆ ತೆರೆದ ಫೈಲುಗಳಿಗೂ ಅಂಟಿಕೊಳ್ಳುತ್ತದೆ. ಹಾಗಾಗಿ ತಪ್ಪು ನಿಮ್ಮ ಹಾಳೆಯಲ್ಲಿ ಇಲ್ಲದೆಯೂ ಇರಬಹುದು. ಎಫ್9 ಒತ್ತಿದಾಗ ಅಂಕಿ ಬದಲಾದರೆ ಕಾರಣ ಇದೇ.

ಇನ್ನೊಂದು ಬಲು ಸಾಮಾನ್ಯ. ಮೊತ್ತದ ಸೂತ್ರ 2ನೇ ಸಾಲಿನಿಂದ 500ನೇ ಸಾಲಿನವರೆಗೆ ಎಂದು ಬರೆದದ್ದು. ಬಿಲ್ಲುಗಳು 500 ದಾಟಿದ ದಿನದಿಂದ ವ್ಯಾಪಾರ ಕಡಿಮೆ ಕಾಣುತ್ತದೆ. ಡೇಟಾ ಟೇಬಲ್ ರೂಪದಲ್ಲಿದ್ದು, ಸೂತ್ರದಲ್ಲಿ ಟೇಬಲ್ಲಿನ ಕಾಲಂ ಹೆಸರನ್ನೇ ಬಳಸಿದರೆ ಸಾಲು ಬೆಳೆದಂತೆ ಸೂತ್ರವೂ ಬೆಳೆಯುತ್ತದೆ.

ಇವೆಲ್ಲ ಹಾಳೆಯ ಒಳಗಿನ ಸಂಗತಿ. ಡೇಟಾಬೇಸಿಗೆ ಕಳಿಸುವ ಪ್ರಶ್ನೆಯಾದ ಕ್ವೆರಿಯೊಳಗೆ ಅಡಗಿರುವ ಒಂದು ತಪ್ಪು ಇವೆಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಅದು ತಿಂಗಳಿಗೆ ಒಂದೇ ದಿನದ ಲೆಕ್ಕವನ್ನು ನುಂಗುತ್ತದೆ. ಜನವರಿ 1ರಿಂದ 31ರವರೆಗಿನ ಬಿಲ್ಲುಗಳು ಬೇಕೆಂದು 'ಬಿಟ್ವೀನ್' ಬಳಸಿ ಎರಡು ತಾರೀಖು ಬರೆಯುತ್ತೇವೆ. ಬಿಲ್ಲಿನ ಕಾಲಮಿನಲ್ಲಿ ತಾರೀಖಿನ ಜೊತೆ ಗಂಟೆಯೂ ದಾಖಲಾಗಿದ್ದರೆ, 31 ಎಂದರೆ ಡೇಟಾಬೇಸಿಗೆ 31ನೇ ತಾರೀಖು ಶುರುವಾಗುವ ಕ್ಷಣ, ಅಂದರೆ ಮಧ್ಯರಾತ್ರಿ 12 ಗಂಟೆ. ಅದಾದ ಮೇಲೆ ಇಡೀ ದಿನ ಹೊಡೆದ ಬಿಲ್ಲುಗಳೆಲ್ಲ ಹೊರಗೆ. ಹಾಳೆಯಲ್ಲಿ 31ನೇ ತಾರೀಖಿನ ಸಾಲು ಖಾಲಿ, ಸಂದೇಶವೇನೂ ಇಲ್ಲ. ಪರಿಹಾರ ಸುಲಭ: ಜನವರಿ 1 ಮತ್ತು ಆಮೇಲಿನದು, ಫೆಬ್ರವರಿ 1ಕ್ಕಿಂತ ಮೊದಲಿನದು ಎಂದು ಕೇಳಿ. ತಾರೀಖನ್ನು 20250131 ಎಂಬಂತೆ ವರ್ಷ, ತಿಂಗಳು, ದಿನದ ಕ್ರಮದಲ್ಲಿ ಗೆರೆಯಿಲ್ಲದೆ ಬರೆದರೆ ಎಸ್‌ಕ್ಯೂಎಲ್ ಸರ್ವರಿಗೆ ಗೊಂದಲವಿರುವುದಿಲ್ಲ. ಇಲ್ಲವಾದರೆ ಅಮೆರಿಕದ ಕ್ರಮಕ್ಕೆ ಹೊಂದಿಸಿದ ಡೇಟಾಬೇಸ್ ಲಾಗಿನ್‌ನಲ್ಲೋ ಕಂಪ್ಯೂಟರಿನಲ್ಲೋ 05/04 ಎಂಬುದು ಏಪ್ರಿಲ್ 5ರ ಬದಲು ಮೇ 4 ಆಗುತ್ತದೆ. 13ನೇ ತಾರೀಖಿನಿಂದ ಆಚೆಗಿನವು ತಿಂಗಳಾಗಿ ತಿರುಗಲಾರದೆ ದೋಷ ಕೊಡುತ್ತವೆ. ತಿಂಗಳ ಮೊದಲ 12 ದಿನ ಸರಿಯಾಗಿದ್ದಂತೆ ಕಂಡು ಆಮೇಲೆ ಕೈಕೊಡುವ ಹಾಳೆ ಇದ್ದರೆ ವಿಂಡೋಸ್‌ನ ರೀಜನ್ ವ್ಯವಸ್ಥೆಯನ್ನೂ ಡೇಟಾಬೇಸ್ ಲಾಗಿನ್ನಿನ ಭಾಷೆಯನ್ನೂ ನೋಡಿ. ಆ 12 ದಿನಗಳ ಅಂಕಿಯನ್ನೂ ನಂಬಬೇಡಿ.

ಪಾರ್ಲೆ ವಿಮಾನ ನಿಲ್ದಾಣದ ಬದಿಯ ಊರು ಬೇರೆ, ರಾತ್ರಿ 12 ದಾಟಿದ ಮೇಲೂ ಬಿಲ್ ಹೊಡೆಯುವ ಹೋಟೆಲುಗಳುಂಟು. ರಾತ್ರಿ 12.20ರ ಬಿಲ್ಲು ಗಲ್ಲಾದವರಿಗೆ ನಿನ್ನೆಯ ವ್ಯಾಪಾರ, ಡೇಟಾಬೇಸಿಗೆ ಇವತ್ತಿನದ್ದು. ಗಲ್ಲಾದ ನಗದಿಗೂ ಹಾಳೆಗೂ ದಿನವೂ ಚೂರು ವ್ಯತ್ಯಾಸ ಬರುತ್ತಿದ್ದರೆ ಹುಡುಗರ ಮೇಲೆ ಗುಮಾನಿ ಪಡುವ ಮೊದಲು ಇದನ್ನು ಪರೀಕ್ಷಿಸಿ. ಬಿಲ್ಲಿನ ಸಮಯದಿಂದ ನಾಲ್ಕು ಗಂಟೆ ಕಳೆದು ತಾರೀಖು ಲೆಕ್ಕ ಹಾಕುವಂತೆ ಕ್ವೆರಿ ತಿದ್ದಿದರೆ ನಡುರಾತ್ರಿಯ ಬಿಲ್ಲುಗಳು ತಮ್ಮ ದಿನಕ್ಕೆ ಮರಳುತ್ತವೆ. ಜಿಎಸ್‌ಟಿ ಲೆಕ್ಕಕ್ಕೆ ಮಾತ್ರ ಬಿಲ್ಲಿನ ಮೇಲೆ ಮುದ್ರಿತವಾದ ತಾರೀಖೇ ಇರಲಿ.

ಅಂಕೆಗಳ ಕಥೆಯೂ ಹೀಗೆಯೇ. ಜಿಎಸ್‌ಟಿಗಾಗಿ ಸರಕು ಗುರುತಿಸಲು ಕಾಫಿಗೆ ಕೊಟ್ಟ ಎಚ್‌ಎಸ್‌ಎನ್ ಸಂಖ್ಯೆ 0901. ಎಕ್ಸೆಲ್ ಅದನ್ನು ಸಂಖ್ಯೆಯೆಂದು ತಿಳಿದರೆ ಮುಂದಿನ ಸೊನ್ನೆ ಹಾರಿ 901 ಉಳಿಯುತ್ತದೆ, ಟ್ಯಾಲಿಯ 0901ರ ಜೊತೆ ಹೊಂದುವುದೇ ಇಲ್ಲ. ಹಾಗೆಯೇ ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕೆಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. 16 ಅಂಕೆಯ ಬ್ಯಾಂಕ್ ಖಾತೆಯಾದರೆ ಕೊನೆಯದು ಸೊನ್ನೆಯಾಗುತ್ತದೆ. ಖಾತೆ ಸಂಖ್ಯೆ, ಎಚ್‌ಎಸ್‌ಎನ್, ಪಿನ್ ಕೋಡ್ ಇವೆಲ್ಲ ಕೂಡಿಸಿ ಕಳೆಯುವ ಅಂಕಿಗಳಲ್ಲ. ಎಕ್ಸೆಲಿಗೆ ಡೇಟಾ ತರುವ ಪವರ್ ಕ್ವೆರಿಯಲ್ಲಿ ಅವನ್ನು 'ಟೆಕ್ಸ್ಟ್' ಎಂದು ಮೊದಲ ಹೆಜ್ಜೆಯಲ್ಲೇ ಗುರುತಿಸಿ. ಹಾಳೆಗೆ ಬಂದ ಮೇಲೆ ಫಾರ್ಮ್ಯಾಟ್ ಬದಲಿಸಿದರೆ ಕಳೆದುಹೋದ ಸೊನ್ನೆ ವಾಪಸು ಬರುವುದಿಲ್ಲ.

ಇವುಗಳಲ್ಲಿ ಹೆಚ್ಚಿನವನ್ನು ಹಿಡಿಯಲು ಒಂದೇ ಕಾವಲು ಸಾಕು, ಅದನ್ನು ಹಾಳೆ ಕಟ್ಟುವಾಗಲೇ ಹಾಕಬೇಕು. ಹಾಳೆಯ ನೆತ್ತಿಯಲ್ಲಿ ಮೂರು ಅಂಕಿಗಳು: ತಂದ ಡೇಟಾದಲ್ಲಿ ಅತಿ ಹೊಸ ಬಿಲ್ಲಿನ ತಾರೀಖು ಮತ್ತು ಗಂಟೆ, ಒಟ್ಟು ಬಿಲ್ಲುಗಳ ಸಂಖ್ಯೆ, ಒಟ್ಟು ಮೊತ್ತ. ಬಿಲ್ಲಿಂಗ್ ಯಂತ್ರದ ದಿನದ ಮುಕ್ತಾಯದ ಚೀಟಿಯಲ್ಲಿ ಇವೇ ಅಂಕಿಗಳಿರುತ್ತವೆ. ಹೊಂದಿಸಿ ನೋಡಲು ಅರೆ ನಿಮಿಷ. ಅತಿ ಹೊಸ ಬಿಲ್ಲು ಒಂದು ದಿನಕ್ಕಿಂತ ಹಳೆಯದಾದರೆ ಆ ಕೋಶ ಕೆಂಪಾಗುವಂತೆ ಮಾಡಿಟ್ಟರೆ ಮಾಲಕರೇ ಹಿಡಿಯುತ್ತಾರೆ.

ದೋಷಸಂದೇಶ ಬಂದಾಗ

ಸಂದೇಶ ಕಂಡ ಕೂಡಲೇ ಹೆಚ್ಚಿನವರು ಎಕ್ಸೆಲಿನಲ್ಲಿ ಲಿಂಕನ್ನೇ ಅಳಿಸಿ ಹೊಸದಾಗಿ ಹಾಕಲು ಹೊರಡುತ್ತಾರೆ. ಇದರಿಂದ ಹಳೆಯ ಸೂತ್ರಗಳು ಹಾಳಾಗುತ್ತವೆ, ಕಾರಣ ಮಾತ್ರ ಹಾಗೆಯೇ ಉಳಿಯುತ್ತದೆ. ಹುಡುಕುವುದು ಡೇಟಾಬೇಸಿನ ತುದಿಯಿಂದ ಇರಲಿ, ಎಕ್ಸೆಲ್ ಕೊನೆಗೆ ಬರಲಿ.

ಬಿಲ್ ಹೊಡೆಯುತ್ತಿದೆಯೇ? ಹೊಡೆಯುತ್ತಿದ್ದರೆ ಡೇಟಾಬೇಸ್ ಜೀವಂತವಾಗಿದೆ. ಇಲ್ಲದಿದ್ದರೆ ಸರ್ವರ್ ಇರುವ ಕಂಪ್ಯೂಟರಿನಲ್ಲಿ 'ಸರ್ವೀಸಸ್' ತೆರೆದು ಎಸ್‌ಕ್ಯೂಎಲ್ ಸರ್ವರ್ ಅಥವಾ ಮೈಎಸ್‌ಕ್ಯೂಎಲ್ ಓಡುತ್ತಿದೆಯೇ ನೋಡಿ. ಕರೆಂಟ್ ಹೋಗಿ ಬಂದ ಮೇಲೆ ಏಳದೆ ಬಿದ್ದಿರಬಹುದು. (ಆ ಡಬ್ಬವನ್ನು ನೆಲದ ಮೇಲಿಟ್ಟಿದ್ದರೆ ದಯವಿಟ್ಟು ಮೇಜಿಗೆ ಏರಿಸಿ. ಪಕ್ಕದ ಸಾಂತಾಕ್ರೂಜ್‌ನಲ್ಲಿ 2005ರ ಜುಲೈ 26ರಂದು ಒಂದೇ ದಿನ 944 ಮಿಲಿಮೀಟರ್ ಮಳೆ ದಾಖಲಾದ ಊರು ಇದು.)

ಡೇಟಾಬೇಸ್ ಸರಿಯಿದ್ದರೆ ನಡುವಿನ ದಾರಿ. ಬ್ರಾಡ್‌ಬ್ಯಾಂಡ್ ಬದಲಿಸಿದ ಮಾರನೆಯ ದಿನ ಲಿಂಕ್ ಸತ್ತರೆ ಎರಡು ಕಾರಣ ಸಾಧ್ಯ. ಹೊಸ ರೌಟರ್ ಸರ್ವರಿಗೆ ಹೊಸ ವಿಳಾಸ ಕೊಟ್ಟಿರುತ್ತದೆ: ನಿನ್ನೆ 192.168.1.5 ಇದ್ದದ್ದು ಇವತ್ತು 192.168.1.9. ಎಕ್ಸೆಲ್ ಹಳೆಯ ವಿಳಾಸದ ಬಾಗಿಲನ್ನೇ ತಟ್ಟುತ್ತಿರುತ್ತದೆ. ರೌಟರಿನಲ್ಲಿ ಆ ಕಂಪ್ಯೂಟರಿಗೆ ಒಂದು ಖಾಯಂ ವಿಳಾಸ ಕಾದಿರಿಸಿ, ಅಥವಾ ಲಿಂಕಿನಲ್ಲಿ ಅಂಕಿಯ ಬದಲು ಕಂಪ್ಯೂಟರಿನ ಹೆಸರನ್ನು ಬಳಸಿ. ಎರಡನೆಯದು, ಹೊಸ ನೆಟ್‌ವರ್ಕನ್ನು ವಿಂಡೋಸ್ 'ಪಬ್ಲಿಕ್' ಎಂದು ಪರಿಗಣಿಸಿ ಫೈರ್‌ವಾಲ್ ಬಿಗಿ ಮಾಡಿರುತ್ತದೆ. ನಿಮ್ಮದೇ ಹೋಟೆಲಿನ ಒಳಗಿನ ನೆಟ್‌ವರ್ಕಾದರೆ ಅದನ್ನು 'ಪ್ರೈವೇಟ್' ಮಾಡಿ. ಗಿರಾಕಿಗಳಿಗೆ ಕೊಡುವ ವೈಫೈ ಮತ್ತು ಲೆಕ್ಕದ ಕಂಪ್ಯೂಟರ್ ಒಂದೇ ನೆಟ್‌ವರ್ಕಿನಲ್ಲಿದ್ದರೆ ಮೊದಲು ಅವನ್ನು ಬೇರೆ ಮಾಡಿಸಬೇಕು, ಉಳಿದದ್ದು ಆಮೇಲೆ. ಎಸ್‌ಕ್ಯೂಎಲ್ ಸರ್ವರ್ ಸಾಮಾನ್ಯವಾಗಿ 1433ನೇ ಪೋರ್ಟಿನಲ್ಲಿ, ಮೈಎಸ್‌ಕ್ಯೂಎಲ್ 3306ರಲ್ಲಿ ಕೇಳಿಸಿಕೊಳ್ಳುತ್ತದೆ. ಉಚಿತವಾಗಿ ಸಿಗುವ ಎಸ್‌ಕ್ಯೂಎಲ್ ಎಕ್ಸ್‌ಪ್ರೆಸ್‌ನಲ್ಲಿ ಹೊರಗಿನಿಂದ ಬರುವ ಟಿಸಿಪಿ ದಾರಿ ಆರಂಭದಲ್ಲಿ ಮುಚ್ಚಿಯೇ ಇರುತ್ತದೆ. ಅದೇ ಕಂಪ್ಯೂಟರಿನಲ್ಲಿ ಲಿಂಕ್ ನಡೆದು ಒಳಕೋಣೆಯ ಕಂಪ್ಯೂಟರಿನಿಂದ ನಡೆಯದಿದ್ದರೆ ಕಾನ್ಫಿಗರೇಶನ್ ಮ್ಯಾನೇಜರಿನಲ್ಲಿ ಅದನ್ನು ತೆರೆದು ಸರ್ವೀಸನ್ನು ಮತ್ತೆ ಆರಂಭಿಸಬೇಕು.

ದಾರಿ ಸರಿಯಿದೆಯೇ ಎಂದು ಎಕ್ಸೆಲ್ ಮುಟ್ಟದೆ ನೋಡುವ ಒಂದು ಉಪಾಯ ವಿಂಡೋಸ್‌ನೊಳಗೇ ಇದೆ. ಖಾಲಿ ನೋಟ್‌ಪ್ಯಾಡ್ ಫೈಲೊಂದನ್ನು ಮಾಡಿ ಅದರ ಹೆಸರಿನ ಬಾಲವನ್ನು ಯುಡಿಎಲ್ ಎಂದು ಬದಲಿಸಿ. ಎರಡು ಸಲ ಕ್ಲಿಕ್ ಮಾಡಿದರೆ ಸರ್ವರ್, ಹೆಸರು, ಪಾಸ್‌ವರ್ಡ್ ತುಂಬಿ ಪರೀಕ್ಷಿಸುವ ಪೆಟ್ಟಿಗೆ ತೆರೆಯುತ್ತದೆ. ಇಲ್ಲಿ ಸಂಪರ್ಕ ಸಿಕ್ಕಿತೆಂದರೆ ಸರ್ವರ್, ನೆಟ್‌ವರ್ಕ್, ಪಾಸ್‌ವರ್ಡ್ ಮೂರೂ ನಿರ್ದೋಷಿಗಳು. ಪರೀಕ್ಷೆ ಮುಗಿದ ಮೇಲೆ ಆ ಫೈಲನ್ನು ಅಳಿಸಿ, ಪಾಸ್‌ವರ್ಡ್ ಅದರಲ್ಲಿ ಉಳಿದಿರಬಹುದು. ಸಂಪರ್ಕ ಸಿಗದೆ 18456 ಎಂಬ ದೋಷಸಂಖ್ಯೆ ಬಂದರೆ ಸರ್ವರ್ ಸಿಕ್ಕಿದೆ, ಲಾಗಿನ್ ತಿರಸ್ಕೃತವಾಗಿದೆ ಎಂದರ್ಥ.

32, 64 ಎಂಬ ತಲೆನೋವು

ಹೊಸ ಕಂಪ್ಯೂಟರ್ ತಂದ ಮೇಲೆ ಶುರುವಾಗುವ ತೊಂದರೆಗಳಲ್ಲಿ ಹೆಚ್ಚಿನವು ಡ್ರೈವರಿನವು. ಎಕ್ಸೆಲ್ ಮತ್ತು ಡೇಟಾಬೇಸ್ ನಡುವೆ ದುಭಾಷಿಯಾಗಿ ಒಡಿಬಿಸಿ ಡ್ರೈವರ್ ಇರುತ್ತದೆ. 2019ಕ್ಕೆ ಮೊದಲು ಆಫೀಸ್ ಹಾಕಿದಾಗ 32 ಬಿಟ್ಟಿನ ಆಫೀಸೇ ತಾನಾಗಿ ಬರುತ್ತಿತ್ತು, ಆಮೇಲೆ 64 ಬಿಟ್ಟಿನದು. ಎಕ್ಸೆಲ್ 64 ಆಗಿದ್ದು ಡ್ರೈವರ್ 32 ಆಗಿದ್ದರೆ ಐಎಂ014 ಎಂಬ ಸಂಕೇತದೊಡನೆ 'ಆರ್ಕಿಟೆಕ್ಚರ್ ಮಿಸ್‌ಮ್ಯಾಚ್' ಸಂದೇಶ ಬರುತ್ತದೆ. ವಿಂಡೋಸ್ ಎಷ್ಟು ಬಿಟ್ಟಿನದು ಎಂಬುದು ಇಲ್ಲಿ ಮುಖ್ಯವಲ್ಲ. ಎಕ್ಸೆಲಿನ ಅಕೌಂಟ್ ಪುಟದಲ್ಲಿ 'ಅಬೌಟ್' ಒತ್ತಿ ಎಕ್ಸೆಲ್ ಎಷ್ಟರದು ಎಂದು ನೋಡಿ, ಅಷ್ಟೇ ಬಿಟ್ಟಿನ ಡ್ರೈವರ್ ಹಾಕಿ.

ಇಲ್ಲಿ ಮೈಕ್ರೋಸಾಫ್ಟ್ ಒಂದು ತಮಾಷೆ ಮಾಡಿದೆ. ವಿಂಡೋಸ್‌ನಲ್ಲಿ ಒಡಿಬಿಸಿ ವ್ಯವಸ್ಥಾಪಕ ಎರಡಿವೆ. ಸಿಸ್ಟಮ್32 ಎಂಬ ಫೋಲ್ಡರಿನಲ್ಲಿರುವುದು 64 ಬಿಟ್ಟಿನದು, ಸಿಸ್‌ವಾವ್64ರಲ್ಲಿರುವುದು 32 ಬಿಟ್ಟಿನದು! ಹಳೆಯ ಪ್ರೋಗ್ರಾಮುಗಳು ಕೆಡದಿರಲಿ ಎಂದು ಹೆಸರನ್ನು ಹಾಗೇ ಬಿಟ್ಟಿದ್ದಾರೆ. ಕಾರಣ ಏನೇ ಇರಲಿ, ತಪ್ಪು ಪೆಟ್ಟಿಗೆಯಲ್ಲಿ ಸಂಪರ್ಕದ ವಿವರ ಹಿಡಿದಿಡುವ ಡಿಎಸ್‌ಎನ್ ಮಾಡಿಟ್ಟು ಎಕ್ಸೆಲಿಗೆ ಕಾಣುತ್ತಿಲ್ಲವೆಂದು ಒದ್ದಾಡುವವರು ಇದರಿಂದಲೇ ಹುಟ್ಟುತ್ತಾರೆ. ಹಾಗೆಯೇ ಡಿಎಸ್‌ಎನ್‌ನಲ್ಲಿ 'ಯೂಸರ್', 'ಸಿಸ್ಟಮ್' ಎಂದು ಎರಡು ಬಗೆ. ಯೂಸರ್ ಡಿಎಸ್‌ಎನ್ ಅದನ್ನು ಮಾಡಿದ ವಿಂಡೋಸ್ ಲಾಗಿನ್‌ಗೆ ಮಾತ್ರ ಕಾಣುತ್ತದೆ. ಬೆಳಗಿನ ಪಾಳಿಯ ಮ್ಯಾನೇಜರ್ ಲಾಗಿನ್‌ನಲ್ಲಿ ಹಾಳೆ ಓಡಿ, ರಾತ್ರಿ ಪಾಳಿಯವರ ಲಾಗಿನ್‌ನಲ್ಲಿ ಡಿಎಸ್‌ಎನ್ ಸಿಗಲಿಲ್ಲವೆಂಬ ಐಎಂ002 ಬಂದರೆ ಅದನ್ನೇ ಸಿಸ್ಟಮ್ ಡಿಎಸ್‌ಎನ್ ಆಗಿ ಮಾಡಿ.

ಎಸ್‌ಕ್ಯೂಎಲ್ ಸರ್ವರಿನ 18ನೇ ಆವೃತ್ತಿಯ ಒಡಿಬಿಸಿ ಡ್ರೈವರ್ ಹಾಕಿದವರಿಗೆ ಇನ್ನೊಂದು ತಡೆ ಇದೆ. ಅದು ಮೊದಲಿನಂತಲ್ಲದೆ ಸಂಪರ್ಕವನ್ನು ತಾನಾಗಿ ಗೂಢಲಿಪಿಗೆ ತಿರುಗಿಸಿ, ಸರ್ವರಿನ ಸರ್ಟಿಫಿಕೇಟ್ ನಂಬುವಂಥದ್ದೇ ಎಂದು ಕೇಳುತ್ತದೆ. ಸಣ್ಣ ಹೋಟೆಲಿನ ಸರ್ವರಿನಲ್ಲಿ ಅಂಥ ಸರ್ಟಿಫಿಕೇಟ್ ಇರುವುದಿಲ್ಲ. ಒಳಗಿನ ನೆಟ್‌ವರ್ಕ್ ಮಾತ್ರವಾದರೆ 'ಟ್ರಸ್ಟ್ ಸರ್ವರ್ ಸರ್ಟಿಫಿಕೇಟ್' ಆಯ್ಕೆ ನಡೆದೀತು. ಇಂಟರ್‌ನೆಟ್ ಮೂಲಕ ಹೋಗುವ ಲಿಂಕಿಗೆ ಆ ದಾರಿ ಹಿಡಿಯಬಾರದು.

ಟ್ಯಾಲಿಯ ರೀತಿಯೇ ಬೇರೆ

ನಮ್ಮವರ ಲೆಕ್ಕದಲ್ಲಿ ಟ್ಯಾಲಿ ಇಲ್ಲದೆ ಮಾತು ಮುಗಿಯುವುದಿಲ್ಲ. ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ 1986ರಲ್ಲಿ ಆರಂಭಿಸಿದ, ಇಂದು ಬೆಂಗಳೂರಿನಲ್ಲಿ ನೆಲೆಯಿರುವ ಈ ಕಂಪನಿಯ ತಂತ್ರಾಂಶ ಮುಂಬಯಿಯ ಸಿಎ ಕಚೇರಿಗಳಲ್ಲೂ ಹೋಟೆಲುಗಳಲ್ಲೂ ಮನೆಮಾತು. ಆದರೆ ಟ್ಯಾಲಿ ಎಸ್‌ಕ್ಯೂಎಲ್ ಸರ್ವರಿನಂತೆ ಹಿನ್ನೆಲೆಯಲ್ಲಿ ಓಡುತ್ತಿರುವ ಡೇಟಾಬೇಸ್ ಅಲ್ಲ. ಟ್ಯಾಲಿ ತೆರೆದಿದ್ದು, ಅದರಲ್ಲಿ ಕಂಪನಿ ಲೋಡ್ ಆಗಿದ್ದರೆ ಮಾತ್ರ ಎಕ್ಸೆಲಿಗೆ ಉತ್ತರ ಸಿಗುತ್ತದೆ. ಲೆಕ್ಕ ಬರೆಯುವವರು ಟ್ಯಾಲಿ ಮುಚ್ಚಿ ಮನೆಗೆ ಹೋದ ಮೇಲೆ ಮಾಲಕರು ರಿಫ್ರೆಶ್ ಒತ್ತಿದರೆ ದೋಷ ಬರುವುದು ಸಹಜ.

ಟ್ಯಾಲಿ ತೆರೆದಿದ್ದರೂ ಬಾರದಿದ್ದರೆ ಅದೇ ಕಂಪ್ಯೂಟರಿನ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್, ಅದರ ಮುಂದೆ ವಿರಾಮಚಿಹ್ನೆ ಕೋಲನ್, 9000 ಎಂದು ಬರೆದು ಎಂಟರ್ ಒತ್ತಿ. ಟ್ಯಾಲಿ ಸರ್ವರ್ ಓಡುತ್ತಿದೆ ಎಂಬ ಒಂದು ಸಾಲು ಬಂದರೆ ಟ್ಯಾಲಿಯ ಕಡೆ ಸರಿಯಿದೆ. ಬಾರದಿದ್ದರೆ ಟ್ಯಾಲಿಪ್ರೈಮ್‌ನಲ್ಲಿ ಎಫ್1, ಸೆಟ್ಟಿಂಗ್ಸ್, ಕನೆಕ್ಟಿವಿಟಿಗೆ ಹೋಗಿ ಒಡಿಬಿಸಿ 'ಯೆಸ್' ಇದೆಯೇ, ಪೋರ್ಟ್ 9000 ಇದೆಯೇ ನೋಡಿ. ಒಡಿಬಿಸಿ ಪಟ್ಟಿಯಲ್ಲಿ ಟ್ಯಾಲಿಯ ಹೆಸರೇ ಇಲ್ಲವಾದರೆ ಟ್ಯಾಲಿಯನ್ನು ಒಮ್ಮೆ ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ನೋಡಿ.

ಪಾರ್ಲೆಯಲ್ಲೊಂದು, ಅಂಧೇರಿಯಲ್ಲೊಂದು ಹೋಟೆಲ್ ಇರುವವರು ಟ್ಯಾಲಿಯಲ್ಲಿ ಎರಡೂ ಕಂಪನಿಗಳನ್ನು ಒಟ್ಟಿಗೆ ತೆರೆದಿಟ್ಟಿರುತ್ತಾರೆ. ಎಕ್ಸೆಲಿಗೆ ಬರುವುದು ಆಗ ಟ್ಯಾಲಿಯಲ್ಲಿ ಎದುರಿಗಿರುವ ಕಂಪನಿಯ ಲೆಕ್ಕ. ಲೆಡ್ಜರಿನ ಹೆಸರುಗಳು ಎರಡರಲ್ಲೂ ಒಂದೇ ಆದ್ದರಿಂದ ಪಾರ್ಲೆಯ ಹಾಳೆಯಲ್ಲಿ ಅಂಧೇರಿಯ ಬಾಕಿ ಬಂದು ಕೂತರೂ ಯಾರಿಗೂ ಗೊತ್ತಾಗುವುದಿಲ್ಲ. ಕ್ವೆರಿ ಓಡಿಸುವಾಗ ಒಂದೇ ಕಂಪನಿ ತೆರೆದಿರಲಿ, ಟ್ಯಾಲಿಯಲ್ಲಿ ಇಟ್ಟಿರುವ ಅವಧಿಯನ್ನೂ ಒಮ್ಮೆ ನೋಡಿ. ಇನ್ನು, ಕೈಯಲ್ಲಿರುವ ನಗದು ಮೈನಸ್ ಎಂದು ಕಂಡರೆ ಬೆಚ್ಚಬೇಡಿ: ಒಡಿಬಿಸಿ ಮೂಲಕ ಟ್ಯಾಲಿ ಡೆಬಿಟ್ ಬಾಕಿಯನ್ನು ಋಣ ಚಿಹ್ನೆಯಲ್ಲೇ ಕಳಿಸುತ್ತದೆ. ಹಾಳೆಯಲ್ಲಿ ಅದನ್ನು ತಿರುಗಿಸಿಕೊಳ್ಳಬೇಕು.

ಕನ್ನಡ ಅಕ್ಷರ ಪ್ರಶ್ನೆಚಿಹ್ನೆ ಆದಾಗ

ಹೋಟೆಲಿಗಿಂತ ಹೆಚ್ಚಾಗಿ ಇದು ಮುಂಬಯಿಯ ಕನ್ನಡ ಸಂಘಗಳ ಸದಸ್ಯರ ಪಟ್ಟಿಯ ತೊಂದರೆ. ಹೆಸರಿನ ಜಾಗದಲ್ಲಿ ಸಾಲು ಪ್ರಶ್ನೆಚಿಹ್ನೆ ಬಂದರೆ ಅಕ್ಷರಗಳು ಎಲ್ಲೋ ಒಂದು ಕಡೆ ಯೂನಿಕೋಡ್ ಅಲ್ಲದ ದಾರಿಯಲ್ಲಿ ಹಾದಿವೆ. ಎಸ್‌ಕ್ಯೂಎಲ್ ಸರ್ವರಿನಲ್ಲಿ ಕಾಲಂ 'ಎನ್‌ವಾರ್‌ಚಾರ್' ಇರಬೇಕು, ಮೈಎಸ್‌ಕ್ಯೂಎಲ್‌ನಲ್ಲಿ ಯೂನಿಕೋಡ್ ಹೆಸರಿನ ಡ್ರೈವರನ್ನೇ ಆರಿಸಬೇಕು, 'ಆನ್ಸಿ' ಎಂಬುದನ್ನಲ್ಲ. ಡೇಟಾಬೇಸಿನಲ್ಲೇ ಪ್ರಶ್ನೆಚಿಹ್ನೆ ಸೇರಿಹೋಗಿದ್ದರೆ ಮೂಲ ಹೆಸರು ಅಳಿದಂತೆಯೇ. ಕಾಗದದ ಪಟ್ಟಿ ಹುಡುಕಿ ಮತ್ತೆ ಬರೆಸಬೇಕಾಗುತ್ತದೆ. ಪ್ರಶ್ನೆಚಿಹ್ನೆಯ ಬದಲು ವಿಚಿತ್ರ ರೋಮನ್ ಅಕ್ಷರಗಳ ರಾಶಿ ಕಂಡರೆ ಹೆಚ್ಚಾಗಿ ಅದು 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದದ್ದು, ಏನೂ ಕಳೆದುಹೋಗಿಲ್ಲ. ಪರಿವರ್ತಕದಿಂದ ಒಮ್ಮೆ ಯೂನಿಕೋಡಿಗೆ ತಂದು ಡೇಟಾಬೇಸಿಗೆ ಹಾಕಿ.

ಸಹಾಯ ಕೇಳುವ ಮೊದಲು

ಮಿಕ್ಕವು ಚಿಲ್ಲರೆ. ಬಿಲ್ಲಿಂಗ್‌ನವರು ಅಪ್‌ಡೇಟ್ ಮಾಡಿ ಕಾಲಮಿನ ಹೆಸರು ಬದಲಿಸಿದ್ದರೆ ಪವರ್ ಕ್ವೆರಿ ಆ ಕಾಲಂ ಸಿಗಲಿಲ್ಲ ಎಂದು ಹೆಸರು ಹೇಳಿಯೇ ದೂರುತ್ತದೆ. ಆ ಹೆಜ್ಜೆಯಲ್ಲಿ ಹೊಸ ಹೆಸರು ತಿದ್ದಿದರೆ ಮುಗಿಯಿತು. ಪಾಸ್‌ವರ್ಡ್ ಬದಲಾಗಿದ್ದರೆ 'ಡೇಟಾ ಸೋರ್ಸ್ ಸೆಟ್ಟಿಂಗ್ಸ್'ನಲ್ಲಿ ಹಳೆಯ ಅನುಮತಿ ಅಳಿಸಿ ಹೊಸದನ್ನು ಕೊಡಿ. ಆಕ್ಸೆಸ್ ಫೈಲಿಗೆ ಲಿಂಕ್ ಹಾಕಿ, ಒಬ್ಬರ ಕಂಪ್ಯೂಟರಿನಲ್ಲಿ ಅದು ಝಡ್ ಡ್ರೈವ್, ಇನ್ನೊಬ್ಬರಲ್ಲಿ ವೈ ಡ್ರೈವ್ ಆಗಿದ್ದರೆ ಡ್ರೈವಿನ ಅಕ್ಷರ ಬಿಟ್ಟು ಕಂಪ್ಯೂಟರಿನ ಹೆಸರಿನಿಂದ ಶುರುವಾಗುವ ಪೂರ್ತಿ ದಾರಿಯನ್ನು ಬರೆಯಿರಿ.

ಇಷ್ಟಾದರೂ ಆಗದಿದ್ದಾಗ ಬಿಲ್ಲಿಂಗ್ ಕಂಪನಿಗೋ ಪರಿಚಯದ ಹುಡುಗರಿಗೋ ಫೋನು ಮಾಡುತ್ತೀರಿ. 'ಎಕ್ಸೆಲ್ ಬರ್ತಾ ಇಲ್ಲ ಮಾರಾಯ್ರೆ' ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಸಂದೇಶದ ಪೂರ್ತಿ ಚಿತ್ರ ತೆಗೆದು ಕಳಿಸಿ, ಸಂಕೇತದ ಸಂಖ್ಯೆ ಕಾಣಬೇಕು. ಸಂಪರ್ಕದ ಪ್ರಾಪರ್ಟೀಸ್‌ನಲ್ಲಿ ಕೊನೆಯ ಸಲ ರಿಫ್ರೆಶ್ ಆದ ಸಮಯ ಇರುತ್ತದೆ, ಅದನ್ನು ಹೇಳಿ. ಅದಾದ ಮೇಲೆ ಏನೇನು ಬದಲಾಯಿತು ಎಂಬುದನ್ನೂ ಹೇಳಿ: ಆಫೀಸ್, ರೌಟರ್, ಪಾಸ್‌ವರ್ಡ್, ಬಿಲ್ಲಿಂಗ್ ಆವೃತ್ತಿ. ಹಾಳೆಯನ್ನೇ ಕಳಿಸಬೇಕಾದರೆ ಮೊದಲು 'ಸೇವ್ ಪಾಸ್‌ವರ್ಡ್' ಗುರುತು ಇದೆಯೇ ನೋಡಿ. ಇದ್ದರೆ ಪಾಸ್‌ವರ್ಡ್ ಫೈಲಿನೊಳಗೆ ಬರಿಗಣ್ಣಿನಿಂದ ಓದಬಹುದಾದಂತೆ ಕೂತಿರುತ್ತದೆ. ಲಿಂಕಿಗೆ ಬಳಸುವ ಲಾಗಿನ್ ಓದಲು ಮಾತ್ರ ಅಧಿಕಾರವಿರುವ ಬೇರೆಯದೇ ಆಗಿರಲಿ. ಡೇಟಾಬೇಸಿನ ಮುಖ್ಯ ಲಾಗಿನ್ ಹಾಕಿದ ಹಾಳೆ ಯಾರ ಫೋನಿಗೂ ಹೋಗಕೂಡದು. ಸಿಎ ಕಚೇರಿಗೆ ಬೇಕಾದದ್ದು ಅಂಕಿಗಳು ಮಾತ್ರ. ಅವರಿಗೆ ಲಿಂಕ್ ತೆಗೆದು, ಅಂಕಿಗಳನ್ನಷ್ಟೇ ಅಂಟಿಸಿದ ಪ್ರತಿ ಕಳಿಸಿ, ಫೈಲಿನ ಹೆಸರಿನಲ್ಲಿ ಯಾವ ತಾರೀಖಿನವರೆಗಿನ ಲೆಕ್ಕ ಎಂದು ಬರೆಯಿರಿ.